ರಾಚಣ್ಣ ಸರ್ ಹೇಳಿದ್ದನ್ನು ನಾನು ಬರೆಯಲಿಲ್ಲ

ರಾಚಣ್ಣ ಸರ್ ಹೇಳಿ ಬರೆಸಿದ ಪುಸ್ತಕವನ್ನು ನಾನು ಸುಟ್ಟೆನೆಂದು ಅವರ ಹೆಂಡತಿ ಈರಮ್ಮ ಇಷ್ಟು ವರ್ಷ ನಂಬಿದ್ದರು. ಸುಡಲು ಹೇಳಿದವರು ಸರ್ ಅವರೇ ಎಂದೂ ನಂಬಿದ್ದರು. ಎರಡೂ ಸುಳ್ಳು. ಎರಡನ್ನೂ ಹೇಳಿದವಳು ನಾನು. ಸುಡುವುದಕ್ಕೆ ಅಲ್ಲಿ ಪುಸ್ತಕವೇ ಇರಲಿಲ್ಲ — ಅವರು ಹೇಳಿದ ಒಂದು ಸಾಲನ್ನೂ ನಾನು ಪೂರ್ತಿ ಬರೆದಿರಲಿಲ್ಲ.

ಸುರಪುರದ ಕಾಲೇಜಿನಲ್ಲಿ ಅವರು ಮನಃಶಾಸ್ತ್ರ ಕಲಿಸುತ್ತಿದ್ದರು. ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ವಿಭಾಗದಲ್ಲಿ ಅವರ ಕೈಕೆಳಗಿನ ಉಪನ್ಯಾಸಕಿ. ಮನಸ್ಸನ್ನು ಪ್ರಯೋಗ ಮಾಡಿ ಅಳೆಯಬಹುದು ಎಂದು ನಮ್ಮ ಸೀಮೆಯಲ್ಲಿ ತೋರಿಸಿದ ಮೊದಲನೆಯವರು ಅವರೇ. ಆಗ ಕಾಲುವೆ ತೋಡುವ ಕೆಲಸ ಜೋರಾಗಿ ನಡೆದಿತ್ತು. ಸರ್ ರಜೆಯ ದಿನ ನನ್ನನ್ನು ಕರೆದುಕೊಂಡು ದೇವಾಪುರದ ಕಡೆ ಹೋಗುತ್ತಿದ್ದರು. ಮಣ್ಣು ಹೊರುವ ಹೆಣ್ಣುಮಕ್ಕಳ ಬುಟ್ಟಿಗೆ ಒಂದೊಂದೇ ಹಿಡಿ ಮಣ್ಣು ಸೇರಿಸುತ್ತ, "ಈಗ ಜಡ ಅನಸ್ತೇನವ್ವಾ?" ಎಂದು ಕೇಳುತ್ತಿದ್ದರು. "ಇಲ್ರಿ... ಇಲ್ರಿ... ಹಾಂ, ಈಗ ಆತ್ ನೋಡ್ರಿ" ಎಂದ ಕೂಡಲೇ ಬುಟ್ಟಿಯ ಭಾರ ತೂಗಿ, ನನ್ನಿಂದ ಬರೆಸುತ್ತಿದ್ದರು. ಬಿಸಿಲಲ್ಲಿ ನಿಂತು ನಾನು ಬರೆದ ಆ ಕೋಷ್ಟಕಗಳೇ ನನ್ನ ದೇವರಾಗಿದ್ದವು. ಅಳೆಯಲಾಗದ್ದು ಇಲ್ಲವೇ ಇಲ್ಲ ಎಂದು ನಂಬಿದ್ದೆ. ಆ ನಂಬಿಕೆ ಕೊಟ್ಟವರೂ ಅವರೇ.

ಮುಂದೆ ಅವರು ಕಣ್ಣಿನ ಪ್ರಯೋಗ ಹಿಡಿದರು. ಬಣ್ಣದ ಗಾಜಿನೊಳಗಿಂದ ಸೂರ್ಯನನ್ನು ನೋಡುವುದು, ಕಣ್ಣು ಮುಚ್ಚಿದ ಮೇಲೂ ಉಳಿಯುವ ಬಿಂಬ ಎಷ್ಟು ಹೊತ್ತು ಇರುತ್ತದೆಂದು ಎಣಿಸುವುದು. ಬೇರೆಯವರ ಕಣ್ಣಿನ ಮೇಲೆ ಮಾಡಲು ಅವರಿಗೆ ಮನಸ್ಸಿರಲಿಲ್ಲ — ತಮ್ಮ ಕಣ್ಣಿನ ಮೇಲೇ ಮಾಡಿಕೊಂಡರು. ಒಂದೇ ಬೇಸಿಗೆಯಲ್ಲಿ ದೃಷ್ಟಿ ಹೋಯಿತು. ಕೆಲಸ ಬಿಟ್ಟು ಶಿರವಾಳದ ಮನೆಯಲ್ಲಿ, ಬೆಳಕು ತಾಗಿದರೆ ಕಣ್ಣು ಉರಿಯುತ್ತದೆಂದು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕತ್ತಲಲ್ಲಿ ಕೂತರು.

ವರ್ಷದ ಮೇಲೆ ಒಂದು ದಿನ ಈರಮ್ಮನವರು ಅವರ ಕೈಹಿಡಿದು ಹೊಲಕ್ಕೆ ಕರೆದೊಯ್ದರಂತೆ. ಸರ್ ಜೋಳದ ಎಲೆ ಮುಟ್ಟಿ, ಮುಟ್ಟಿದ್ದು ತಾವೊಬ್ಬರೇ ಅಲ್ಲ, ಜೋಳವೂ ತಮ್ಮನ್ನು ಮುಟ್ಟಿತು ಎಂದು ಅತ್ತರಂತೆ. ಮರುವಾರ ನನಗೆ ಬುಲಾವು ಬಂತು.

"ನೀಲಾ, ಒಂದು ಪುಸ್ತಕ ಹೇಳ್ತೀನಿ. ಬರಕೋತಿಯೇನವ್ವಾ?"

"ಬರಕೋತೀನ್ರಿ ಸರ್," ಅಂದೆ.

ಭೂಮಿಗೆ ಅರಿವಿದೆಯಂತೆ. ಬೆಳೆ ನಿದ್ದೆ ಮಾಡುತ್ತದಂತೆ. ಸತ್ತವರು ಎಲ್ಲಿಗೂ ಹೋಗುವುದಿಲ್ಲವಂತೆ, ನಮಗೆ ಗೊತ್ತಾಗುವ ಅಳತೆಗಿಂತ ಕೆಳಗೆ ಇಳಿದಿರುತ್ತಾರಂತೆ. ಮೊದಲ ಮಧ್ಯಾಹ್ನವೇ ನನ್ನ ಮೈ ಉರಿಯಿತು. ಇವರ ಮಾತು ನಂಬಿ ನನ್ನ ಮನೆಯ ದೇವರನ್ನೇ ನಾನು ಗೇಲಿ ಮಾಡಿದ್ದೆ. ಈಗ ಇವರೇ — ಪೆನ್ನು ನಿಲ್ಲಿಸಿದೆ. ಅವರು ಹೇಳುತ್ತಲೇ ಇದ್ದರು. ನಾನು ನಿಲ್ಲಿಸಿದ್ದು ಅವರಿಗೆ ಕಾಣಲಿಲ್ಲ. ಕಾಣುವುದಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಿತು. ನಾಚಿಕೆಯಾಗಬೇಕಿತ್ತು. ಖುಷಿಯಾಯಿತು.

ಪೆನ್ನಿನ ಸದ್ದು ಕೇಳಬೇಕಲ್ಲ — ಅದಕ್ಕೆ ನನ್ನದೇ ಬರಹ ಬರೆಯತೊಡಗಿದೆ. ಬುಟ್ಟಿಯ ಮಣ್ಣಿನ ಕೋಷ್ಟಕಗಳಿಂದ ಡಾಕ್ಟರೇಟ್ ಪ್ರಬಂಧ ಕಟ್ಟುತ್ತಿದ್ದೆ. ಅವರ ಲೆಕ್ಕ, ಅವರ ದುಡಿಮೆ, ಮೇಲೆ ನನ್ನ ಹೆಸರು. ಅವರ ಎದುರಿಗೇ ಕೂತು, ಅವರು ಕೊಡಿಸಿದ ನೋಟ್‌ಬುಕ್ಕಿನಲ್ಲೇ ಬರೆದೆ. ಭಾನುವಾರ ಭಾನುವಾರ ಒಂದೂವರೆ ವರ್ಷ ಬಸ್ಸು ಹಿಡಿದು ಹೋದೆ. ನಿಲ್ಲಿಸಬಹುದಾಗಿದ್ದ ಭಾನುವಾರಗಳು ಎಷ್ಟಿದ್ದವು!

"ಇವತ್ತ ಭಾಳ ಬರದಿ. ಕೈ ನೋಯ್ತಿರಬೇಕು," ಎಂದು ಅವರು ಒಳಗೆ ಕೂಗುತ್ತಿದ್ದರು, "ಈರವ್ವಾ, ತಂಗಿಗಿ ಚಾ ತಾ." ಈರಮ್ಮನವರು ಚಹಾ ತಂದು ನನ್ನ ಬೆರಳು ಒತ್ತಿ ಕೊಡುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ತುಂಬಿದ ಹಾಳೆಗಳನ್ನು ನೋಡಿ, "ಇಷ್ಟೆಲ್ಲಾ ಇವರ ತಲ್ಯಾಗ ಇತ್ತೇನು!" ಎಂದು ಗಲ್ಲದ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು.

ಓದಿ ಹೇಳು ಎಂದು ಸರ್ ಕೇಳಿದಾಗ ಬಾಯಿಗೆ ಬಂದದ್ದು ಕಟ್ಟಿ ಹೇಳುತ್ತಿದ್ದೆ. ಒಮ್ಮೆ ಅವರು ತಲೆ ಅಲ್ಲಾಡಿಸಿ, "ನಾ ಇಷ್ಟು ಚೆಂದ ಹೇಳಿದ್ನೇನವ್ವಾ?" ಅಂದರು. ಮರುದಿನ ಸ್ಟಾಫ್ ರೂಮಿನಲ್ಲಿ ಆ ದನಿಯನ್ನೇ ಅಣಕಿಸಿದೆ. ಕುರುಡರಂತೆ ಕೈ ಚಾಚಿ, ಅವರು ಹೇಳಿದ್ದಕ್ಕೆ ನನ್ನದೂ ಸೇರಿಸಿ "ಸರ್ ವಚನ" ಎಂದು ಹೇಳಿದೆ. ಎಲ್ಲರೂ ನಕ್ಕರು. ಅವರಲ್ಲಿ ಅರ್ಧ ಜನ ಸರ್ ಕೈಯಲ್ಲಿ ಕಲಿತವರು.

ಮಳೆಗಾಲದಲ್ಲಿ ಅವರಿಗೆ ಜ್ವರ ಹಿಡಿಯಿತು. ಕೊನೆಯ ಭಾನುವಾರ ಎಷ್ಟಾಯಿತೆಂದು ಕೇಳಿದರು. "ಐದು ನೋಟ್‌ಬುಕ್ ಮುಗದಾವ್ರಿ," ಅಂದೆ. ಮುಟ್ಟಬೇಕು ಅಂದರು. ನನ್ನ ಪ್ರಬಂಧದ ಕರಡಿದ್ದ ಆ ನೋಟ್‌ಬುಕ್‌ಗಳನ್ನೇ ಅವರ ಎದೆಯ ಮೇಲಿಟ್ಟೆ. ಒಂದೊಂದೇ ಹಾಳೆಯ ಮೇಲೆ ಕೈಯಾಡಿಸಿ, "ಇನ್ನ ನಾ ಹೋದ್ರೂ ಅಡ್ಡಿಯಿಲ್ಲ," ಅಂದರು. ಮೂರನೆಯ ದಿನ ಹೋದರು.

ತಿಂಗಳೂ ಆಗಿರಲಿಲ್ಲ, ಈರಮ್ಮನವರು ನೋಟ್‌ಬುಕ್ ಕೇಳಿಕೊಂಡು ಸುರಪುರಕ್ಕೆ ನನ್ನ ಮನೆಗೆ ಬಂದರು. ಅಣ್ಣನ ಮಗನಿಗೆ ಹೇಳಿ ಅಚ್ಚು ಹಾಕಿಸುತ್ತಾರಂತೆ. ಆ ಹುಡುಗನಿಗೆ ಓದು ಬರುತ್ತದೆ. ನಾನು ಬಾಗಿಲಲ್ಲೇ ನಿಂತು ಹೇಳಿದೆ:

"ಸುಟ್ಟೀನ್ರಿ ಅವ್ವಾರ. ಸರ್ ಅವರೇ ಸುಡು ಅಂದಿದ್ರು."

ಅವರು ಅಲ್ಲೇ ಹೊಸ್ತಿಲ ಮೇಲೆ ಕೂತರು. ಆಮೇಲೆ, "ನಿನಗ ಹೇಳ್ಯಾರ. ನನಗ ಒಂದ್ ಮಾತ ಹೇಳ್ಲಿಲ್ಲಲ್ಲ," ಎಂದಷ್ಟೇ ಅಂದರು. ಎರಡೂವರೆ ವರ್ಷ ಅನ್ನ ಕಲಸಿ ಬಾಯಿಗಿಟ್ಟವಳಿಗೆ ಹೇಳದೆ ಹೊರಗಿನವಳಿಗೆ ಹೇಳಿದರಲ್ಲ ಎಂಬ ನೋವು. ಅದಾದ ಮೇಲೆ ಅವರು ಗಂಡನ ಸಮಾಧಿಗೆ ಹೋಗುವುದನ್ನೇ ಬಿಟ್ಟರು ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ. ನನಗೆ ಡಾಕ್ಟರೇಟ್ ಬಂತು, ಬಡ್ತಿ ಬಂತು, ವಿಭಾಗದ ಮುಖ್ಯಸ್ಥೆಯ ಕುರ್ಚಿ ಬಂತು. ಕಾಲುವೆಗೆ ನೀರು ಬಂದು ಊರಿನ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಈರಮ್ಮನವರು ಮುದುಕಿಯಾದರು.

ನಿವೃತ್ತಿಯ ದಿನ ಕಾಲೇಜಿನವರು ನನಗೆ ಶಾಲು ಹೊದಿಸಿ, ರಾಚಣ್ಣ ಸರ್ ಅವರ ಕೆಲಸ ಮುಂದುವರಿಸಿದವಳು ಎಂದು ಹೊಗಳಿದರು. ಮರುವಾರ ಶಿರವಾಳಕ್ಕೆ ಹೋದೆ. ಹೊಗಳಿಕೆ ಚುಚ್ಚಿತೆಂದು ಹೇಳಿದರೆ ಅದೂ ನನ್ನನ್ನು ಒಳ್ಳೆಯವಳಾಗಿ ತೋರಿಸುವ ಮಾತೇ. ಯಾಕೆ ಹೋದೆನೋ — ಹೋದೆ.

ಈರಮ್ಮನವರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬರೆಯದ್ದು, ಕದ್ದದ್ದು, ಸರ್ ಸುಡಲು ಹೇಳಲೇ ಇಲ್ಲ ಎಂಬುದು. ಅವರು ಬೈಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಒಂದೇ ಒಂದು ಕೇಳಿದರು.

"ಒಂದರೆ ಮಾತ ನೆನಪದೇನು? ಒಂದೇ ಹೇಳು ಸಾಕು."

ಹುಡುಕಿದೆ. ಒಂದೂವರೆ ವರ್ಷದ ಭಾನುವಾರಗಳಲ್ಲಿ ಒಂದಾದರೂ ಪೂರ್ತಿ ಮಾತು — ಇಲ್ಲ. ಮೊದಲ ಮಧ್ಯಾಹ್ನದ ತಿರುಳಷ್ಟೇ ಉಳಿದಿತ್ತು, ಅವರ ಮಾತಲ್ಲ; ಆಮೇಲಿನದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಈರಮ್ಮನವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಕೊನೆಗೆ ನಾಲಿಗೆಗೆ ಬಂದದ್ದನ್ನು ಹೇಳಿದೆ:

"ಕಾಲುವಿ ನೀರು ಸುಮ್ನೆ ಹರಿಯಂಗಿಲ್ಲ. ಎರಡೂ ದಂಡಿ ಹೊಲದ ಹೆಸರ ಕೇಳಕೋತ ಹೋಗ್ತದ."

ಈರಮ್ಮನವರ ಮುಖ ಅರಳಿತು. "ಹೌದು, ಅವರದೇ ಮಾತು. ಅವರು ಹಿಂಗೇ ಮಾತಾಡ್ತಿದ್ರು," ಎಂದು ಆ ಮಾತನ್ನು ತಾವೇ ಎರಡು ಸಲ ಹೇಳಿಕೊಂಡರು. ಕಣ್ಣಲ್ಲಿ ನೀರು, ತುಟಿಯ ಮೇಲೆ ನಗು. ಅಲ್ಲಿಗೇ ಎದ್ದು ಬರಬಹುದಿತ್ತು.

ಆದರೆ ಆ ಮಾತು ಸರ್ ಅವರದಲ್ಲ. ಸ್ಟಾಫ್ ರೂಮಿನಲ್ಲಿ ನಗಿಸಲು ನಾನೇ ಕಟ್ಟಿದ್ದು. ಹೇಳದಿದ್ದರೆ ಮತ್ತೊಂದು ಸುಳ್ಳು. ಹೇಳಿದರೆ — ಹೇಳಿಬಿಟ್ಟೆ.

ನಗು ಒಮ್ಮೆಲೇ ಹೋಗಲಿಲ್ಲ. ನಿಧಾನವಾಗಿ ಹೋಯಿತು. ಅವರು ಗೋಡೆ ಹಿಡಿದು ಎದ್ದು, ಬಾಗಿಲ ಕಡೆ ಕೈ ತೋರಿಸಿದರು.

"ಅದನ್ನೂ ಕಸಗೊಂಡಿ."

ಹೌದು, ಕಸಿದುಕೊಂಡೆ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಕಸಿದುಕೊಂಡೆ. ಹಗುರವೂ ಆಗಲಿಲ್ಲ.