ನಮ್ಮ ವರ್ಷ ಇನ್ನೂ ಮುಗಿದಿಲ್ರಿ

ನನಗೆ ಮರೆವು ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಯಾವುದನ್ನೂ ಮರೆಯುವುದಿಲ್ಲ, ಮುಂದಕ್ಕೆ ಹಾಕುತ್ತೇನೆ ಅಷ್ಟೇ. ಮುಂದಕ್ಕೆ ಹಾಕಿದ್ದು ಎಲ್ಲಿ ಹೋಯಿತೆಂದು ಮಾತ್ರ ಆಮೇಲೆ ಗೊತ್ತಾಗುವುದಿಲ್ಲ. ಕೊಡೆ, ಕನ್ನಡಕ, ಒಲೆಯ ಮೇಲಿಟ್ಟ ಹಾಲು ಹೀಗೆ ಹೋದವು ಎಷ್ಟೋ. ಒಮ್ಮೆ ಆದಾಯ ತೆರಿಗೆಯ ರಿಟರ್ನೇ ಹೋಯಿತು. ಅದೂ ನನ್ನದಲ್ಲ, ನನಗೆ ಅನ್ನ ಹಾಕುತ್ತಿದ್ದ ಸಾವುಕಾರರದ್ದು.

ಆಗ ನಾನು ಯಾದಗಿರಿಯ ಒಂದು ಶೇಂಗಾ ದಲಾಲಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದೆ. ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಹಿಂದುಸ್ತಾನದೊಳಗೆ ಸೇರಿತ್ತು. ಹೊಸ ಕಾನೂನು, ಹೊಸ ನಾಣ್ಯ, ಹೊಸ ಸಾಹೇಬರು ಒಬ್ಬರ ಹಿಂದೊಬ್ಬರು ಬರುತ್ತಿದ್ದ ಕಾಲ. ನನ್ನ ಹೆಂಡತಿ ನೀಲಮ್ಮ ಕುಬಸದ ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ಸುರಪುರದ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿದ ದಿನ ಹೋಗಿ ನೋಡಿಕೊಂಡು ಬಂದಿದ್ದೆ. ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿತ್ತು, ಕಣ್ಣು ತೆರೆಯಲೇ ಇಲ್ಲ. ಐದನೇ ತಿಂಗಳಿಗೆ ತಾಯಿ ಮಗಳನ್ನು ಕರೆದುಕೊಂಡು ಹೋಗಬೇಕೆಂದು ಮಾವ ದಿನ ಗೊತ್ತು ಮಾಡಿದರು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಕರೆಯದೆ ಮಾವನ ಮನೆಗೆ ಹೋದರೆ ಅಳಿಯನ ತೂಕ ಇಳಿಯುತ್ತದೆಂದು ನಮ್ಮ ಕಡೆ ಒಂದು ನಂಬಿಕೆ. ತೂಕವನ್ನು ಉಳಿಸಿಕೊಂಡೆ, ನಿದ್ದೆಯನ್ನು ಕಳೆದುಕೊಂಡೆ.

ಅವಳಿಲ್ಲದ ಮನೆ ಎಷ್ಟು ದೊಡ್ಡದಾಯಿತೆಂದರೆ, ಎರಡು ಖೋಲಿಯ ಮನೆಯಲ್ಲಿ ನನಗೆ ನಾನೇ ಸಿಗುತ್ತಿರಲಿಲ್ಲ. ಗೂಡಿನಲ್ಲಿ ಅವಳು ಬಿಟ್ಟುಹೋದ ಬಾಚಣಿಗೆ ಇತ್ತು, ಹಲ್ಲಿನ ನಡುವೆ ಒಂದು ಉದ್ದ ಕೂದಲು. ಅದನ್ನು ತೆಗೆಯಲು ಮನಸ್ಸಾಗದೆ ನನ್ನ ತಲೆಗೆ ಬೇರೆ ಬಾಚಣಿಗೆ ಕೊಂಡೆ. ಸಂಜೆ ಶಹಾಪುರದ ಕಡೆಯಿಂದ ಬಸ್ಸು ಬಂದರೆ, ಅದರ ಮೈಮೇಲಿನ ಧೂಳಿನಲ್ಲಿ ಸ್ವಲ್ಪವಾದರೂ ಸುರಪುರದ್ದು ಇರಬಹುದೆಂದು ನೋಡುತ್ತ ನಿಲ್ಲುತ್ತಿದ್ದೆ. ನಗಬೇಡಿ. ನೀವೂ ಇಂಥದ್ದೇನೋ ಮಾಡಿರುತ್ತೀರಿ, ಹೇಳಿಕೊಂಡಿರುವುದಿಲ್ಲ.

ಇಷ್ಟರಲ್ಲಿ ತೆರಿಗೆಯವರ ನೋಟೀಸು ಬಂತು. ವರ್ಷದ ಆದಾಯ ಬರೆದು ಕೊಡಿ, ಇಷ್ಟು ದಿನ ಗಡುವು ಎಂದಿತ್ತು. ವರ್ಷ ಮುಗಿಯಲಿ, ಬರೆದು ಕೊಟ್ಟರಾಯಿತು ಎಂದುಕೊಂಡು ಅದನ್ನು ಕೆಂಪು ಅರಿವೆಯ ಬಸ್ತಾದಲ್ಲಿ, ಲೆಕ್ಕದ ದಫ್ತರುಗಳ ಜೊತೆ ಕಟ್ಟಿಟ್ಟೆ. ನಮ್ಮ ಅಂಗಡಿಯ ವರ್ಷ ಫಸಲಿ ವರ್ಷ. ಫಸಲಿಯೆಂದರೆ ಬೆಳೆಯ ಲೆಕ್ಕದ ವರ್ಷ. ಮೊಗಲರ ಕಾಲದಲ್ಲಿ ಕಂದಾಯ ವಸೂಲಿಗೆಂದು ಹುಟ್ಟಿ, ನಿಜಾಮರ ಕಚೇರಿಗಳಲ್ಲಿ ಹಣ್ಣಾದದ್ದು. ತಿಂಗಳುಗಳ ಹೆಸರು ಮಾತ್ರ ಪರ್ಶಿಯಾ ದೇಶದವು. ಆಜೂರ್‌ನಿಂದ ಶುರುವಾಗಿ, ಮಳೆಗಾಲ ಕಳೆಯುವಾಗ ಆಬಾನ್‌ಗೆ ಮುಗಿಯುತ್ತದೆ. ಅಪ್ಪ ಬರೆದದ್ದು ಹಾಗೆ, ನಾನು ಕಲಿತದ್ದು ಹಾಗೆ. ಹೊಸ ಸರಕಾರದ ವರ್ಷ ಮಾರ್ಚ್ ತಿಂಗಳಿಗೇ ಮುಗಿದುಹೋಗುತ್ತದೆಂದು, ಬಿರುಬಿಸಿಲಿನಲ್ಲಿ ಯಾರಾದರೂ ವರ್ಷ ಮುಗಿಸುತ್ತಾರೆಂದು, ನನಗೆ ಕನಸಿನಲ್ಲಿಯೂ ಹೊಳೆಯಲಿಲ್ಲ. ಹೊಳೆಯಲು ಕನಸಿನಲ್ಲಿ ಜಾಗವಾದರೂ ಎಲ್ಲಿತ್ತು?

ಕರೆತರುವ ದಿನ ಸೋಮವಾರ. ಮರುದಿನ ಅಮಾವಾಸ್ಯೆ, ಅದರಾಚೆ ಆಷಾಢ. ಆಷಾಢದಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಸೋಮವಾರ ತಪ್ಪಿದರೆ ಇನ್ನೊಂದು ತಿಂಗಳು. ಭಾನುವಾರ ಸಂಜೆ ನಾನು ಚೀಲ ಕಟ್ಟುತ್ತಿದ್ದಾಗ ಸಾವುಕಾರರೇ ಮನೆಗೆ ಬಂದರು. ಅವರು ಮುನೀಮನ ಮನೆಗೆ ಬರುವವರಲ್ಲ.

"ಮುನೀಮಜೀ, ತೆರಿಗಿ ಸಾಹೇಬ್ರು ಡಾಕ ಬಂಗಲೇಕ ಬಂದಾರ. ನಮ್ಮ ಕಾಗದ ಮುಟ್ಟೇ ಇಲ್ಲಂತ. ನಾಳಿ ಮುಂಜಾನಿ ಬಸ್ತಾ ತಗೊಂಡು ನೀವ ಹಾಜರಾಗಬೇಕು."

ನನ್ನ ಕೈಯಲ್ಲಿದ್ದ ಚೀಲ ಅಲ್ಲೇ ಕುಸಿಯಿತು. ಮಗುವಿಗೆಂದು ಕೊಂಡ ಗಿಲಕಿ ಒಳಗಿನಿಂದ ಗಲ್ ಎಂದಿತು.

ಸಾಹೇಬರು ಬಳ್ಳಾರಿ ಕಡೆಯವರು. ಹುಲಿಯಂತಿರುತ್ತಾರೆಂದುಕೊಂಡು ಹೋದರೆ, ಉಪ್ಪಿಟ್ಟು ತಿನ್ನುತ್ತ ಕುಳಿತಿದ್ದರು.

"ವರ್ಷ ಮುಗಿದು ಎಷ್ಟು ದಿನಾತು? ಯಾಕ ಕೊಟ್ಟಿಲ್ಲ?"

"ನಮ್ಮ ವರ್ಷ ಇನ್ನೂ ಮುಗಿದಿಲ್ರಿ ಸಾಹೇಬ್ರ."

ಅವರ ಕೈ ಬಾಯಿಯ ಹತ್ತಿರವೇ ನಿಂತಿತು. "ನಿಮ್ದು ಯಾವ ವರ್ಷಪ್ಪಾ?"

ಆಬಾನ್ ತಿಂಗಳ ಕಥೆ ಹೇಳಿದೆ. ಕೇಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೈ ತೊಳೆದು ಬಂದು, ಮೆತ್ತಗೆ ಹೇಳಿದರು: "ಮರೆತಿದ್ದಕ್ಕ ಹೆದರಬ್ಯಾಡ. ಮರೆತವರು ಮಾಡೋ ಕೆಲಸ ಒಂದೈತಿ, ಇವತ್ತ ತುಂಬಿ ಕೊಡೋದು. ತಡ ಯಾಕಾತಂತ ಖರೇ ಬರದು ಕೊಡು. ಹೆಂಗೂ ತಡ ಆತು, ಇನ್ನೊಂದು ದಿನ ನೋಡೋಣಂತ ಕುಂತ್ರ ಮಾತ್ರ ದಂಡ ಹಾಕ್ತೇನಿ."

ಕುಳಿತೆ. ಉರ್ದುವಿನಲ್ಲಿದ್ದ ದಫ್ತರು ಬಿಚ್ಚಿ, ನಮ್ಮ ಒಂದೊಂದು ತಿಂಗಳನ್ನೂ ಅವರ ತಿಂಗಳಿಗೆ ಹೊಂದಿಸುತ್ತ ಹೋದೆ. ತಡದ ಕಾರಣ ಬರೆಯುವಲ್ಲಿ ಲೇಖನಿ ನಿಂತಿತು. ಹೆಂಡತಿ ಊರಲ್ಲಿಲ್ಲದ ಕಾರಣ ಎಂದು ಬರೆದಿದ್ದರೆ ಅರ್ಧ ಸತ್ಯವಾದರೂ ಆಗುತ್ತಿತ್ತು, ಆದರೆ ಕೆಳಗೆ ಸಹಿ ಮಾಡಬೇಕಾದವರು ಸಾವುಕಾರರು! ಹೊಸ ವರ್ಷದ ತಿಳಿವಳಿಕೆ ಇಲ್ಲದ್ದರಿಂದ ಎಂದು ಬರೆದೆ. ಸಾಹೇಬರು ದಂಡ ಹಾಕದೆ ಕಳಿಸಿದರು. ಓಡುತ್ತ ಬಂದಾಗ ಕೊನೆಯ ಬಸ್ಸು ಹೋಗಿ ಆಗಿತ್ತು. ರಸ್ತೆಯ ಮೇಲೆ ಅದರ ಧೂಳು ಇನ್ನೂ ಇಳಿದಿರಲಿಲ್ಲ. ನಿಂತಲ್ಲೇ ಕಣ್ಣು ತುಂಬಿದವು. ಧೂಳು ಬಿತ್ತೆಂದು ಒರೆಸಿಕೊಂಡೆ.

ಮರುದಿನ ಸುರಪುರದ ಬಸ್ಸಿನ ಕಂಡಕ್ಟರ್ ಮಹಿಬೂಬನ ಕೈಯಲ್ಲಿ ಸುದ್ದಿ ಕಳಿಸಿದೆ: ಹೀಗೀಗಾಯಿತು, ಇನ್ನು ಆಷಾಢ ಕಳೆದ ಮೇಲೆ ಬರುತ್ತೇನೆ. ಸಂಜೆ ಅವನು ಬಸ್ಸಿನಿಂದ ಇಳಿಯುವ ಮೊದಲೇ ಕೂಗಿದ:

"ಅಕ್ಕಾರು ಭಾಳ ಸಿಟ್ಟಾಗ್ಯಾರ್ರೀ! ನಿನ್ನಿ ಕೂಸಿಗಿ ಎಣ್ಣಿ ಹಚ್ಚಿ, ತಲಿಗಿ ಕುಂಚಿಗಿ ಕಟ್ಟಿ, ಹೊತ್ತು ಮುಳುಗೋತನಕ ಕಟ್ಟಿ ಮ್ಯಾಲ ಕುಂತಿದ್ರಂತ. ಕರಕೊಂಡು ಹೋಗಾಕ ಆಷಾಢ ಅಡ್ಡ ಬರ್ತದ, ನೋಡಾಕ ಬರಾಕ ಏನು ಅಡ್ಡ ಬಂದದ ಕೇಳಂತ ಹೇಳ್ಯಾರ. ಕೂಸಿಗಿ ಎರಡು ಹಲ್ಲು ಬಂದಾವಂತ."

ಎರಡು ಹಲ್ಲು! ಯಾವ ತಿಂಗಳಲ್ಲಿ ಬಂದವು? ನನ್ನ ಯಾವ ದಫ್ತರಿನಲ್ಲೂ ಅದು ಇರಲಿಲ್ಲ. ಇಷ್ಟು ದಿನ ಮಾವನ ಮನೆಯ ಬಾಗಿಲನ್ನು ಯಾರೂ ಹಾಕಿರಲಿಲ್ಲ. ನಾನೇ ಒಂದು ದಿನವನ್ನು ಗೊತ್ತು ಮಾಡಿಕೊಂಡು, ಅದು ಬರಲೆಂದು ಬಸ್ತಾ ಕಟ್ಟಿಟ್ಟು ಕುಳಿತಿದ್ದೆ. ಮರುದಿನ ಮೊದಲ ಬಸ್ಸು ಹತ್ತಿದೆ. ಭೀಮೆ ದಾಟಿತು, ಶಹಾಪುರದ ಗುಡ್ಡ ಹಿಂದೆ ಬಿತ್ತು. ಆಷಾಢದಲ್ಲಿ, ಕರೆಯದೆ, ತೂಕ ಗೀಕ ಎಲ್ಲ ಬಿಟ್ಟು ಹೋದ ಅಳಿಯನನ್ನು ಕಂಡು ಅತ್ತೆ ಸೆರಗು ಅಡ್ಡ ಹಿಡಿದು ನಕ್ಕರು.

ನೀಲಮ್ಮ ಮಗುವನ್ನು ತಂದು ನನ್ನ ತೋಳಿಗಿಟ್ಟಳು. ಮಗು ನನ್ನ ಮುಖ ನೋಡಿತು, ಗಿಲಕಿ ನೋಡಿತು, ಮತ್ತೆ ನನ್ನ ಮುಖ ನೋಡಿತು. ಗುರುತು ಸಿಗಲಿಲ್ಲ. ಎರಡೂ ಹಲ್ಲು ಕಾಣುವಂತೆ ಬಾಯಿ ತೆರೆದು ಚಿಟ್ಟನೆ ಚೀರಿತು. ನಾನು ಗಾಬರಿಯಾಗಿ ಅವಳ ಕೈಗೆ ಕೊಡಲು ಹೋದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಕಣ್ಣಲ್ಲಿಯೂ ನೀರಿತ್ತು.

"ಅಳಲಿ ಬಿಡ್ರಿ. ತಡ ಮಾಡಿ ಬಂದವರಿಗಿ ದಂಡ ಅದು. ನೀವ ಕಟ್ರಿ."

ಮಗು ಅಳುತ್ತಳುತ್ತ ನನ್ನ ಹೆಗಲ ಮೇಲೆ ನಿದ್ದೆ ಹೋಗುವತನಕ ಅಂಗಳದಲ್ಲಿ ತಿರುಗುತ್ತ ದಂಡ ಕಟ್ಟಿದೆ.