ಗೋಡೆಗೆ ಹೋದ ಶಾಲೆ

ನೀರುದೋಸೆಯ ಕಾವಲಿ ಇನ್ನೂ ಕಾದಿರಲಿಲ್ಲ. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಜರ್ಮನಿಯ ಕಲೋನ್ ನಗರದ ಒಂದು ಪುಟ್ಟ ಕಚೇರಿಯಲ್ಲಿ ನಾನು ಕಟ್ಟಡಗಳ ನಕ್ಷೆ ಬರೆಯುವವಳು. ಇಲ್ಲಿ ಬೀಡುಬಿಟ್ಟಿರುವ ಅಮೆರಿಕದ ಸೈನಿಕರ ಮಕ್ಕಳಿಗೆಂದು ಒಂದು ಶಾಲೆಯನ್ನು ಎರಡು ವರ್ಷ ಬರೆದಿದ್ದೆ, ಅಳಿಸಿದ್ದೆ, ಮತ್ತೆ ಬರೆದಿದ್ದೆ. ಆ ಕೆಲಸ ನಿಂತಿತು ಎಂದರು. ಅಮೆರಿಕದ ಅಧ್ಯಕ್ಷರು, ವಲಸಿಗರು ದಾಟಿ ಬರುವ ತಮ್ಮ ದೇಶದ ದಕ್ಷಿಣದ ಗಡಿಯ ಹೆಸರಿನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ, ಸಂಸತ್ತು ಕೊಡದ ಹಣವನ್ನು ಸೇನೆಯ ಕಟ್ಟಡಗಳ ನಿಧಿಯಿಂದ ತೆಗೆದು ಗಡಿಗೋಡೆಗೆ ಕೊಟ್ಟಿದ್ದರು. ಹಣ ಕಳೆದುಕೊಂಡವರ ಪಟ್ಟಿಯಲ್ಲಿ ನಮ್ಮ ಶಾಲೆಯೂ ಇತ್ತು.

"ಎಂತ ಆಯ್ತು ಮಾರಾಯ್ತಿ?" ಗಂಡ ಕೇಳಿದರು.

"ನನ್ನ ಗೋಡೆಗಳ ದುಡ್ಡು ಬೇರೆ ಗೋಡೆಗೆ ಹೋಯ್ತಂತೆ."

ನಗು ಬರಬೇಕಿತ್ತು, ಬರಲಿಲ್ಲ.

ಗೆಳೆಯರೇ, ತುರ್ತು ಎಂಬ ಪದ ಅಂದಿನಿಂದ ನನ್ನನ್ನು ಕಾಡುತ್ತಿದೆ. ಜ್ವರದ ಮಗುವಿಗೂ ಅದೇ ಪದ, ಮೈಲಿಗಟ್ಟಲೆ ಉಕ್ಕಿನ ಗೋಡೆಗೂ ಅದೇ ಪದ. ಸೋರುವ ಮಾಡಿನಡಿ ಬಕೆಟ್ಟಿಟ್ಟು ಪಾಠ ಕೇಳುವ ಮಕ್ಕಳ ಕಷ್ಟವನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ, ಏಕೆಂದರೆ ಮಕ್ಕಳು ಹೇಗೋ ಹೊಂದಿಕೊಂಡುಬಿಡುತ್ತಾರೆ.

ಕೆಲವು ತಿಂಗಳ ನಂತರ ಅರ್ಧಕ್ಕೆ ನಿಂತ ನಕ್ಷೆಗಳನ್ನು ಒಪ್ಪಿಸಲು ಆ ಸೈನಿಕರ ಮಕ್ಕಳ ಹಳೆಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಕ್ಯಾರಲ್ ಸಿಟ್ಟಾಗಿರುತ್ತಾರೆ ಎಂದುಕೊಂಡಿದ್ದೆ. ಅವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ಒಣ ಬಯಲು, ಒಂದು ಮನೆ, ಅದರ ಹಿಂದೆ ಎದ್ದ ಉಕ್ಕಿನ ಗೋಡೆ.

"ಅಲ್ಲಿ ಗಡಿಯ ಪಕ್ಕದಲ್ಲೇ ನಮ್ಮಣ್ಣನ ಮನೆ. ಒಬ್ಬನೇ ಇರುತ್ತಾನೆ. ಯಾರ‍್ಯಾರೋ ಹಿತ್ತಿಲು ದಾಟಿ ಹೋದರೆ ಹೆದರುತ್ತಿದ್ದ. ಈಗ ನೆಮ್ಮದಿಯಂತೆ. ಅವನನ್ನು ಹೇಗೆ ಬೈಯಲಿ ಹೇಳು?"

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಡಿಪಾಯ ನೇರ, ಬೆಸುಗೆ ಅಚ್ಚುಕಟ್ಟು. "ಕೆಲಸ ಚೆನ್ನಾಗಿದೆ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆದರೆ ಹಿತ್ತಿಲು ದಾಟಿ ಹೋದವರ ಹೆದರಿಕೆ ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ವಲಸೆ ಕಚೇರಿಯ ಬೆಂಚಿನ ಮೇಲೆ ಕಾಗದ ಹಿಡಿದು ಕುಳಿತು ಬಂದ ನನಗೆ ಅದೂ ತುಸು ಗೊತ್ತು. ಅದನ್ನೂ ಹೇಳಿದೆ. ಕ್ಯಾರಲ್ ನನ್ನ ಕೈಯನ್ನು ಹಿಡಿದುಕೊಂಡರು.

ಅಧ್ಯಕ್ಷರು ಬದಲಾದರು, ಹಣ ಮರಳಿತು, ಶಾಲೆಯ ಕೆಲಸ ಮತ್ತೆ ಶುರುವಾಯಿತು. ಅಷ್ಟರಲ್ಲಿ ಕ್ಯಾರಲ್ ನಿವೃತ್ತರಾಗಿ ಅಣ್ಣನ ಮನೆ ಸೇರಿದ್ದರು. ಸುದ್ದಿ ತಿಳಿಸಲು ಫೋನು ಮಾಡಿದೆ. ಅವರು ಸಂತೋಷದಿಂದ ಅಣ್ಣನನ್ನು ಕೂಗಿ ಹೇಳಿದ್ದು ಕೇಳಿಸಿತು. ಮರುಗಳಿಗೆಯಲ್ಲಿ ಫೋನಿನಲ್ಲಿ ಬಂದದ್ದು ಒಬ್ಬ ಮುದುಕನ ಗಡಸು ದನಿ.

"ಕಿಟಕಿಗಳನ್ನು ತಗ್ಗಾಗಿ ಇಡಮ್ಮ, ಮಕ್ಕಳಿಗೆ ಹೊರಗಡೆ ಕಾಣಬೇಕು. ನನ್ನ ಹಿತ್ತಿಲಿನಿಂದ ಈಗ ಗುಡ್ಡ ಕಾಣಿಸೋದಿಲ್ಲ."