ಹನ್ನೊಂದನೇ ಪಾಯಿಂಟ್

ಆ ಹೊಲಿಗೆ ಮಷೀನಿನ ಟಕಟಕ ಈಗಲೂ ಕಿವಿಯಲ್ಲಿದೆ. ಹರಿಹರದಲ್ಲಿ ನನ್ನ ಬ್ಲೌಸ್ ಹೊಲಿಯುತ್ತಿದ್ದವಳು ಒಂದು ದಿನ ಅದನ್ನು ನಿಲ್ಲಿಸಿ ಕೇಳಿದಳು: “ಮೇಡಂ, ದಾವಣಗೆರೆ ಸ್ಕೂಲಿನ ಯೂನಿಫಾರ್ಮ್ ಆರ್ಡರ್ ಸಿಕ್ರೆ ನನ್ ಅಂಗಡಿ ಉಳೀತೈತ್ರಿ. ಇಂಗ್ಲಿಷ್‌ನಾಗೆ ಒಂದು ಲೆಟರ್ ಬರ್ಕೊಡ್ರಿ.”

ಮಾತಿನ ಮೊದಲಿಗೇ ನಮ್ಮನ್ನು ನಾವು ಹೊಗಳಿಕೊಳ್ಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು. ಹಾಗಾಗಿ ಅವಳ ಹೆಚ್ಚುಗಾರಿಕೆಯನ್ನು ಕೊನೆಗಿಟ್ಟು, ನಂಬರ್ ಹಾಕಿ ಹನ್ನೊಂದು ಪಾಯಿಂಟ್ ಬರೆದೆ. ಅನುಭವ, ಬಟ್ಟೆ, ಗುಂಡಿ ಎಲ್ಲ ಮೊದಲು ಬಂದವು. ಮಕ್ಕಳು ಎತ್ತರವಾದಂತೆ ಅಂಚಿನ ಮಡಿಕೆ ಬಿಚ್ಚಿ ಫ್ರೀಯಾಗಿ ಉದ್ದ ಮಾಡಿಕೊಡುತ್ತಾಳೆ ಎಂಬ ಮಾತು ಕೊನೆಯದಾಗಿ ಎರಡನೇ ಹಾಳೆಗೆ ಹೋಯಿತು. ಹೆಡ್‌ಮಿಸ್ಟ್ರೆಸ್ ಲೆಟರ್ ಒಯ್ದಿದ್ದ ಇವಳೆದುರಿಗೇ ಮೊದಲ ಹಾಳೆ ಮಾತ್ರ ನೋಡಿ ಮಡಚಿಟ್ಟರಂತೆ. ಆರ್ಡರ್ ಬೇರೆಯವರ ಪಾಲಾಯಿತು.

“ನಾನು ಗಿರಾಕಿಗೆ ಮೂರು ಬ್ಲೌಸ್ ಪೀಸಿಗಿಂತ ಜಾಸ್ತಿ ತೋರ್ಸಲ್ರಿ. ಚಲೋದು ಮೊದ್ಲೇ ಬಿಚ್ತೀನಿ. ಹತ್ತು ಹರವಿದ್ರೆ, ನಾಳೆ ಬರ್ತೀನಿ ಅಂತ ಎದ್ದು ಹೋಗ್ತಾರೆ. ನೀವು ಇಡೀ ಬೀರು ಹರವಿಬಿಟ್ರಿ, ಮೇಡಂ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಕಲಿಯುವುದೂ ಆಯಾಸವೇ.

ಬೇರೆ ಸ್ಕೂಲಿಗೆಂದು ಮೂರೇ ಪಾಯಿಂಟಿನ ಲೆಟರ್ ಬರೆದು, ಮಡಿಕೆಯ ಮಾತನ್ನು ಮೊದಲಿಗಿಟ್ಟು ಒಯ್ದೆ. ಆಗಲೇ ಅವಳು ಅಂಗಡಿ ಖಾಲಿ ಮಾಡಿ, ಮಲೆಬೆನ್ನೂರಿನ ತಮ್ಮನ ಮನೆಗೆ ಹೊರಟು, ಮಷೀನನ್ನು ಟೆಂಪೋಗೆ ಹೇರಿಸುತ್ತಿದ್ದಳು. ನನ್ನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡು, “ಇದು ಚಲೋ ಐತ್ರಿ,” ಎಂದಳು. ಲೆಟರನ್ನು ಬ್ಯಾಗಿನಲ್ಲಿಟ್ಟುಕೊಂಡು ಡ್ರೈವರ್ ಪಕ್ಕ ಹತ್ತಿ ಕುಳಿತಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.